ಆಪರೇಷನ್ ಮಾಡಿಸ್ಲಾ, ಬೇಡ್ವಾ?

ತೊನ್ನು ಅನ್ನೋ ಪದವನ್ನು ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಹೇಳಲ್ಲ. "ಅದು" ಅಂತಾರೆ. "ಅದು ಈಗ ಹೇಗಿದೆ?" ಅಂತ ಫೋನಿನಲ್ಲಿ ಕೇಳ್ತಾರೆ. ನಮ್ಮ ಕೊಡಿಗೇನಹಳ್ಳಿ ಇರೋದು ಮಧುಗಿರಿ ತಾಲ್ಲೂಕಿನ ಗಡಿಯಲ್ಲಿ, ಆಂಧ್ರದ ಹಿಂದೂಪುರ ಹತ್ತಿರ. ಹಾಗಾಗಿ ತೆಲುಗು ಮಾತಾಡೋರು "ಬೊಲ್ಲಿ" ಅಂತಲೂ ಅಂತಾರೆ. ಸೆಕೆಂಡ್ ಪಿಯುಸಿ ಓದುವಾಗ ಪಾದದಲ್ಲಿ ಚಪ್ಪಲಿ ಉಜ್ಜುವ ಜಾಗಕ್ಕೆ ಬಂದದ್ದು, ನನಗೆ ಮೂವತ್ತಾದರೂ ಹೋಗಿಲ್ಲ. ಈಗ ಎರಡೂ ಪಾದದ ಗಿಣ್ಣು, ಬಲಗೈ ಬೆರಳ ತುದಿಗಳು, ಗದ್ದದ ಎಡಗಡೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಬೆಳ್ಳಗಿದೆ.

ಚರ್ಮಕ್ಕೆ ಬಣ್ಣ ಕೊಡೋ ಮೆಲನೋಸೈಟ್ ಎಂಬ ಕೋಶಗಳನ್ನು ನಮ್ಮದೇ ದೇಹದ ರೋಗನಿರೋಧಕ ಶಕ್ತಿ ಕೊಲ್ಲುತ್ತೆ, ಅದೇ ಈ ಕಾಯಿಲೆ. ಅಂಟಲ್ಲ. ಕುಷ್ಠವೂ ಅಲ್ಲ, ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಕಡಿಮೆಯಾಗುತ್ತೆ, ನನ್ನ ಮಚ್ಚೆ ಮೇಲೆ ಇರುವೆ ಹರಿದರೂ ಗೊತ್ತಾಗುತ್ತೆ. ಪ್ರಪಂಚದಲ್ಲಿ ನೂರಕ್ಕೆ ಅರ್ಧದಿಂದ ಎರಡರಷ್ಟು ಜನಕ್ಕೆ ಇದೆ ಅಂತ ಲೆಕ್ಕ. ಮೈಕೇಲ್ ಜಾಕ್ಸನ್‌ಗೂ ಇತ್ತು. ಇಷ್ಟನ್ನೂ ಊರಲ್ಲಿ ಎಷ್ಟು ಸಲ ಹೇಳಿದ್ದೀನೋ. ಎಲ್ಲ ಕೇಳಿಸ್ಕೊಂಡು ಕೊನೆಗೆ "ಹುಳಿ ಬಿಟ್ಬಿಡು ತಾಯಿ" ಅಂತಾರೆ. ಹುಣಸೆಹುಳಿ ಇಲ್ಲದ ಸಾರಲ್ಲಿ ಮುದ್ದೆ ಉಣ್ಣೋದು ಹೇಗೆ ಅಂತ ಮಾತ್ರ ಯಾರೂ ಹೇಳ್ಕೊಡಲ್ಲ.

ಮೊದಲ ವರ್ಷ ಒಬ್ಬ ನಾಟಿ ವೈದ್ಯರು ಬಾವಂಚಿ ಬೀಜದ ಎಣ್ಣೆ ಕೊಟ್ಟಿದ್ದರು. ಹಚ್ಚಿಕೊಂಡು ಬಿಸಿಲಲ್ಲಿ ಕೂರಬೇಕು. ಬಾವಂಚಿಯಲ್ಲಿ ಸೊರಾಲೆನ್ ಅನ್ನೋ ಅಂಶ ನಿಜವಾಗಿಯೂ ಇದೆ. ಚರ್ಮದ ಡಾಕ್ಟರುಗಳೂ ಸೊರಾಲೆನ್ ಕೊಡ್ತಾರೆ, ಆದರೆ ಔಷಧಿಯನ್ನೂ ಬೆಳಕನ್ನೂ ಅಳೆದು ಕೊಡ್ತಾರೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಅಳತೆ ಎಲ್ಲಿಂದ ತರೋಣ? ಕಾಲಿನಲ್ಲಿ ಬೊಬ್ಬೆ ಎದ್ದವು. ವಾಸಿಯಾಗುವ ಹೊತ್ತಿಗೆ ಬೊಬ್ಬೆ ಇದ್ದಷ್ಟೂ ಜಾಗ ಬೆಳ್ಳಗಾಗಿತ್ತು. ಗಾಯವಾದಲ್ಲಿ ಹೊಸ ಮಚ್ಚೆ ಏಳುವ ಈ ಗುಣಕ್ಕೆ 19ನೇ ಶತಮಾನದ ಜರ್ಮನ್ ವೈದ್ಯ ಕೊಬ್ನರ್ ಹೆಸರಿಟ್ಟಿದ್ದಾರೆ ಅಂತ ಆಮೇಲೆ ಓದಿ ತಿಳ್ಕೊಂಡೆ. ಆಪರೇಷನ್ ಅಂದ ಕೂಡಲೇ ನನಗೆ ಆ ಬೊಬ್ಬೆಗಳೇ ನೆನಪಾಗ್ತವೆ. ಆಪರೇಷನ್ನೂ ಒಂದು ಗಾಯವೇ ಅಲ್ವಾ?

ಬೆಂಗಳೂರಲ್ಲಿ ಕೆಲಸ ಸಿಕ್ಕ ಮೇಲೆ ವಾರಕ್ಕೆರಡು ಸಲ ನ್ಯಾರೋಬ್ಯಾಂಡ್ ಯುವಿಬಿ ಬೆಳಕಿನ ಚಿಕಿತ್ಸೆ ತಗೊಂಡೆ. ಕತ್ತಿನ ಮೇಲಿದ್ದ ಮಚ್ಚೆ ಹೋಯ್ತು. ಅದು ಹೋಗೋದನ್ನ ನೋಡೋದೇ ಒಂದು ಸೊಗಸು: ಬಿಳಿಯ ನಡುವೆ ಒಂದೊಂದು ಕೂದಲಿನ ಬುಡದಲ್ಲೂ ಕಂದು ಚುಕ್ಕಿ ಏಳುತ್ತೆ, ಚುಕ್ಕಿಗಳು ಹರಡಿ ಒಂದಾಗ್ತವೆ. ಬಣ್ಣದ ಕೋಶಗಳ ಬೀಜ ಕೂದಲಿನ ಬೇರಲ್ಲಿ ಉಳಿದಿರುತ್ತಂತೆ. ಬೆರಳ ತುದಿಯಲ್ಲಿ ಕೂದಲೇ ಇಲ್ಲ, ಹಾಗಾಗಿ ಅಲ್ಲಿ ಏನೂ ಆಗಲಿಲ್ಲ. ಗದ್ದದ್ದು ಅರ್ಧ ಕಮ್ಮಿಯಾಗಿ ನಿಂತುಬಿಟ್ಟಿತು.

ಆಗ ಡಾಕ್ಟರ್ ಶಸ್ತ್ರಚಿಕಿತ್ಸೆಯ ಮಾತು ತೆಗೆದರು. ತೊಡೆಯಿಂದ ತೆಳ್ಳನೆಯ ಚರ್ಮ ತೆಗೆದು, ಟ್ರಿಪ್ಸಿನ್ ಅನ್ನೋ ಕಿಣ್ವದಲ್ಲಿ ನೆನೆಸಿ, ಕೋಶಗಳನ್ನು ಬಿಡಿಸ್ತಾರೆ. ಮಚ್ಚೆಯ ಮೇಲ್ಪದರ ತರಿದು, ಆ ಕೋಶಗಳ ದ್ರವವನ್ನು ಹರಡಿ ಬ್ಯಾಂಡೇಜ್ ಕಟ್ತಾರೆ. ತೆಗೆದ ಚರ್ಮಕ್ಕಿಂತ ಐದರಿಂದ ಹತ್ತು ಪಟ್ಟು ದೊಡ್ಡ ಜಾಗಕ್ಕೆ ಅದು ಸಾಕಾಗುತ್ತೆ. ಬಣ್ಣ ತುಂಬೋಕೆ ತಿಂಗಳುಗಟ್ಟಲೆ ಬೇಕು. ಅಪ್ಪನಿಗೆ ಇದು ನನಗಿಂತ ಬೇಗ ಅರ್ಥವಾಯ್ತು. "ಪೈರು ಕಿತ್ತು ನಾಟಿ ಮಾಡ್ದಂಗೆ. ನೆಲ ನೋಡ್ಕೊಂಡು ಮಾಡ್ಬೇಕು" ಅಂದರು.

ನೆಲದ್ದೇ ಸಮಸ್ಯೆ. ಬೆಳಕಿನ ಚಿಕಿತ್ಸೆಗೆ ಬಗ್ಗದ ಬೆರಳು, ಗಿಣ್ಣುಗಳಿಗೇ ಆಪರೇಷನ್ ಹೆಚ್ಚು ಬೇಕಾಗಿರೋದು, ಆದರೆ ಅದು ಸರಿಯಾಗಿ ಹತ್ತದೇ ಇರೋದೂ ಅಲ್ಲೇ. ಗದ್ದಕ್ಕೆ ಮಾಡಬಹುದು, ಬೆರಳಿಗೆ ಭರವಸೆ ಕೊಡಲ್ಲ ಅಂತ ಡಾಕ್ಟರ್ ನೇರವಾಗಿ ಹೇಳಿದರು. ಇನ್ನೊಂದು ಷರತ್ತು, ಕಾಯಿಲೆ ಕನಿಷ್ಠ ಒಂದು ವರ್ಷ ಅಲುಗಾಡದೆ ಇರಬೇಕು: ಹೊಸ ಮಚ್ಚೆ ಬರಬಾರದು, ಹಳೆಯದು ಬೆಳೆಯಬಾರದು, ಗಾಯ ಬೆಳ್ಳಗಾಗಬಾರದು. ಇಷ್ಟೆಲ್ಲ ಆಗಿ ನೆಟ್ಟ ಬಣ್ಣವನ್ನೂ ಅದೇ ರೋಗನಿರೋಧಕ ಶಕ್ತಿ ಮತ್ತೆ ತಿಂದುಹಾಕಬಹುದು.

ಪ್ರತಿ ತಿಂಗಳ ಒಂದನೇ ತಾರೀಕು, ಅದೇ ಟ್ಯೂಬ್‌ಲೈಟ್ ಕೆಳಗೆ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಮಚ್ಚೆಗಳ ಫೋಟೋ ತೆಗೀತೀನಿ. ಕೋಡ್‌ನ ಎರಡು ವರ್ಷನ್ ಹೋಲಿಸಿ ನೋಡೋದು ನನ್ನ ದಿನದ ಕೆಲಸವೇ. ಹದಿನಾರು ತಿಂಗಳಿಂದ ವ್ಯತ್ಯಾಸ ಇಲ್ಲ. ಆದರೆ ಫೋಟೋಗಿಂತ ನನಗೆ ಧೈರ್ಯ ಕೊಟ್ಟಿದ್ದು ಜಾಲಿಮುಳ್ಳು. ಹೋದ ವರ್ಷ ಕಡ್ಲೇಕಾಯಿ ಕೀಳುವಾಗ ಊರಿಗೆ ಹೋಗಿದ್ದೆ. ಬದುವಿನ ಬಳ್ಳಾರಿ ಜಾಲಿ ಮೀನಗಂಡಕ್ಕೆ ಉದ್ದಕ್ಕೆ ಗೀರಿತು. ಎರಡು ತಿಂಗಳು ದಿನಾ ಬೆಳಗ್ಗೆ ಆ ಗೆರೆ ನೋಡಿಕೊಂಡೇ ಎದ್ದೆ. ಕಂದು ಬಣ್ಣಕ್ಕೇ ಮಾಯಿತು.

ಇಷ್ಟಾದ್ರೂ ನಾನು ಹಿಂಜರೀತಿದ್ದದ್ದು ಬೇರೆ ಕಾರಣಕ್ಕೆ. ಸಂಬಂಧ ಹುಡುಕೋ ಹತ್ತಿರದವರೊಬ್ಬರು ಅಮ್ಮನಿಗೆ, "ಮುಖದ್ದೊಂದು ತೆಗೆಸಿಬಿಡಿ, ಮಿಕ್ಕಿದ್ದು ಮದುವೆ ಆದ್ಮೇಲೆ ಅವರೇ ನೋಡ್ಕೋತಾರೆ" ಅಂದಿದ್ದರು. ಅದನ್ನು ಕೇಳಿದ ದಿನ ಆಪರೇಷನ್ನೇ ಬೇಡ ಅನ್ನಿಸಿತ್ತು. ಯಾರಿಗೋ ಮೋಸ ಮಾಡೋಕೆ ನನ್ನ ತೊಡೆ ಚರ್ಮ ಯಾಕೆ ಕೊಡಲಿ? ಹಾಗಂತ ಗದ್ದದ ಮಚ್ಚೆ ಹೋದರೆ ನನಗೇ ಖುಷಿ ಅನ್ನೋದೂ ಸುಳ್ಳಲ್ಲ. ವಿಡಿಯೋ ಕಾಲ್‌ನಲ್ಲಿ ಮೂಲೆಯ ಚೌಕದೊಳಗೆ ನನ್ನ ಕಣ್ಣೇ ಮೊದಲು ಅಲ್ಲಿಗೆ ಹೋಗುತ್ತೆ. "ಇರೋ ಹಾಗೇ ಒಪ್ಕೋಬೇಕು" ಅಂತ ಭಾಷಣ ಮಾಡೋರಿಗೆ ಸಾಮಾನ್ಯವಾಗಿ ಮಚ್ಚೆ ಇರಲ್ಲ.

ಕಾದರೆ ಇನ್ನೂ ಒಳ್ಳೆಯದು ಬರಬಹುದು ಅಂತ ತಮ್ಮನ ವಾದ. ಅವನು ಹೇಳೋದರಲ್ಲೂ ಅರ್ಥವಿದೆ. 2022ರಲ್ಲಿ ಅಮೆರಿಕದಲ್ಲಿ ರುಕ್ಸೊಲಿಟಿನಿಬ್ ಅನ್ನೋ ಮುಲಾಮಿಗೆ ಈ ಕಾಯಿಲೆಗೆಂದೇ ಒಪ್ಪಿಗೆ ಸಿಕ್ಕಿದೆ.

ಸದ್ಯಕ್ಕೆ ಟೆಸ್ಟ್ ಗ್ರಾಫ್ಟ್‌ಗೆ ಮಾತ್ರ ಒಪ್ಪಿದ್ದೀನಿ. ಮಿಲಿಮೀಟರ್ ಅಳತೆಯ ನಾಲ್ಕೈದು ಚರ್ಮದ ಚುಕ್ಕಿಗಳನ್ನು ಮಚ್ಚೆಯಲ್ಲಿ ಕೂರಿಸಿ, ಬಣ್ಣ ಸುತ್ತ ಹರಡುತ್ತಾ ಅಂತ ಮೂರು ತಿಂಗಳು ನೋಡೋದು. ಸಂಕ್ರಾಂತಿ ಕಳೆದ ಮೇಲೆ ಡೇಟ್ ಸಿಕ್ಕಿದೆ. ಅಷ್ಟರಲ್ಲಿ ಶಿರಾ ಕಡೆಯಿಂದ ಒಂದು ಸಂಬಂಧ ಬಂದಿದೆ. ಮೇಕಪ್ ಇಲ್ಲದ, ಕೈಬೆರಳು ಕಾಣುವ ಫೋಟೋವನ್ನೇ ಕಳಿಸಿ ಅಂತ ಅಮ್ಮನ ವಾಟ್ಸಾಪ್‌ಗೆ ಹಾಕಿದ್ದೀನಿ. ನೀಲಿ ಟಿಕ್ ಬಂದು ನಾಲ್ಕು ದಿನ ಆಯ್ತು. ಇನ್ನೂ ಕಳಿಸಿಲ್ಲ.