ಮೀನಿಗೊಂದು ಕೌದಿ

‘ಮೀನ ಅಲ್ಲೇನ್ರಿ ಸರ, ಸತ್ರ ಇನ್ನೆರಡ ತಂದ್ರಾತು!’

ಬೆಳಿಗ್ಗೆ ಹಾಲು ಹಾಕಲು ಬಂದವರು ಬಾಗಿಲಲ್ಲಿ ನಿಂತು ಆಡಿದ ಮಾತು. ನನ್ನ ಮುಖ ಬಾಡಿದ್ದು ಕಂಡು ಸಮಾಧಾನ ಹೇಳಲೆಂದೇ ಅಂದರು, ಅದು ನನಗೂ ಗೊತ್ತು. ಮನೆಯಲ್ಲಿ ಎಮ್ಮೆ ಕಟ್ಟಿದವರು ಅವರು. ಒಂದು ಎಮ್ಮೆ ಮೇವು ಬಿಟ್ಟರೆ ರಾತ್ರಿಯಿಡೀ ಅದರ ಪಕ್ಕದಲ್ಲೇ ಕೂರುವ ಪೈಕಿ. ಅಂಥವರ ಬಾಯಲ್ಲೂ ಈ ಮಾತು ಬಂತಲ್ಲ ಎಂದು ಇನ್ನಷ್ಟು ಕಸಿವಿಸಿಯಾಯಿತು. ಎಮ್ಮೆ ಕೂಗುತ್ತದೆ, ಕಣ್ಣಲ್ಲಿ ನೀರು ತರುತ್ತದೆ. ಮೀನಿಗೆ ರೆಪ್ಪೆಯೂ ಇಲ್ಲ, ನಮಗೆ ಕೇಳುವ ದನಿಯೂ ಇಲ್ಲ. ಚಳಿಯಾದರೆ ತಳ ಸೇರಿ ಸುಮ್ಮನೆ ನಿಲ್ಲುತ್ತದೆ. ಅದರ ಸಂಕಟ ತಿಳಿಯಬೇಕಾದರೆ ನಾವೇ ಬಗ್ಗಿ ನೋಡಬೇಕು.

ಆಗಿದ್ದಿಷ್ಟು. ರಾತ್ರಿ ಯಾವುದೋ ಹೊತ್ತಿನಲ್ಲಿ ಅಕ್ವೇರಿಯಂನ ಹೀಟರ್ ನಿಂತುಹೋಗಿತ್ತು. ಕೊಪ್ಪಳದ ಗವಿಮಠದ ಜಾತ್ರೆ ಹತ್ತಿರ ಬಂದ ದಿನಗಳಿವು. ಬೆಳಗಿನ ಜಾವ ಗುಡ್ಡದ ಕಡೆಯಿಂದ ಬೀಸುವ ಗಾಳಿಗೆ ಕಿವಿ ಮುಚ್ಚಿಕೊಂಡೇ ಅಂಗಳಕ್ಕೆ ಇಳಿಯಬೇಕು. 26 ಡಿಗ್ರಿ ಇರುತ್ತಿದ್ದ ನೀರು 20ಕ್ಕೆ ಬಂದಿತ್ತು. ಏಂಜಲ್ ಮೀನುಗಳು ರೆಕ್ಕೆ ಮಡಚಿಕೊಂಡು ಫಿಲ್ಟರ್ ಮೂಲೆಯಲ್ಲಿ ಓರೆಯಾಗಿ ನಿಂತಿದ್ದವು. ನಿಯಾನ್ ಟೆಟ್ರಾಗಳ ಮೈಮೇಲಿನ ನೀಲಿ ಗೆರೆ ಮಂಕಾಗಿತ್ತು. ಪ್ಲಗ್ ಕಿತ್ತು, ಕಾಲು ಗಂಟೆ ನೀರಿನಲ್ಲೇ ತಣಿಯಲು ಬಿಟ್ಟು, ಆಮೇಲೆ ಹೀಟರನ್ನು ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಗಾಜಿನ ನಳಿಗೆಯೊಳಗೆ ಸಣ್ಣ ಸಣ್ಣ ಹನಿಗಳು. ಮೇಲಿನ ರಬ್ಬರ್ ಮುಚ್ಚಳದ ಸಂದಿನಿಂದ ನೀರು ಒಸರಿ, ಒಳಗೆ ಎರಡು ತುದಿ ಒಂದನ್ನೊಂದು ಮುಟ್ಟುವ ಜಾಗ ಕಪ್ಪಾಗಿ ಸುಟ್ಟಿತ್ತು. ಭತ್ತದ ಕಾಳಿನಷ್ಟೂ ಇಲ್ಲದ ಜಾಗ ಅದು.

ಹೊಸದೊಂದು ತರಬೇಕು ಎನ್ನುವುದು ಯಾರಿಗಾದರೂ ಹೊಳೆಯುತ್ತದೆ, ಅದಿರಲಿ. ಬಿಸಿಲೂರಿನಲ್ಲಿ ಮೀನಿಗೆ ಹೀಟರ್ ಯಾಕೆ ಎಂಬ ಪ್ರಶ್ನೆಗೂ ಒಂದೇ ಮಾತಿನ ಉತ್ತರ ಸಾಕು: ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಕೊಪ್ಪಳ, ಕುಷ್ಟಗಿಗಳೇ ಪುಷ್ಯ ಮಾಸದ ರಾತ್ರಿಗಳಲ್ಲಿ ಗಡಗಡ ನಡುಗಿಸುತ್ತವೆ. ಗೋಲ್ಡ್ ಫಿಶ್ ತಂಪು ನೀರಿನ ಜೀವ, ತಡೆದುಕೊಳ್ಳುತ್ತದೆ. ಅಮೆಜಾನ್ ಸೀಮೆಯ ಏಂಜಲ್‌ಗೆ 24ರಿಂದ 28 ಡಿಗ್ರಿಯೊಳಗಿನ ನೀರು ಬೇಕು. ತಂಪಿನಲ್ಲಿ ಅದರ ಮೈಯ ಕಸುವು ಕುಂದುತ್ತದೆ, ತಿಂದದ್ದು ಅರಗುವುದಿಲ್ಲ, ಕಾದು ಕೂತಿದ್ದ ಬಿಳಿಚುಕ್ಕೆ ರೋಗ ರೆಕ್ಕೆ ಬಾಲಗಳ ಮೇಲೆ ಉಪ್ಪಿನ ಹರಳು ಉದುರಿಸಿದಂತೆ ಏಳುತ್ತದೆ.

ನೀರು ಒಮ್ಮೆಲೇ ತಣ್ಣಗಾಗುವುದಿಲ್ಲ ಎನ್ನುವುದೇ ದೊಡ್ಡ ಪುಣ್ಯ. ನೂರು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಬೇಕಾದರೆ ನೂರು ವ್ಯಾಟಿನ ಹೀಟರ್ ಸುಮಾರು 70 ನಿಮಿಷ ದುಡಿಯಬೇಕು. ಅಷ್ಟು ನಿಧಾನವಾಗಿ ಕಾಯುವ ನೀರು ಅಷ್ಟೇ ನಿಧಾನವಾಗಿ ಆರುತ್ತದೆ. ಹಾಗಾಗಿ ಬೆಳಿಗ್ಗೆ ನೋಡಿದವರಿಗೆ ಇನ್ನೂ ಹೊತ್ತಿರುತ್ತದೆ. ಕುದಿನೀರು ಸುರಿಯಬಾರದು. ಪ್ಲಾಸ್ಟಿಕ್ ಬಾಟಲಿಗಳಲ್ಲಿ ಬೆಚ್ಚಗಿನ ನೀರು ತುಂಬಿ, ಬಿಗಿಯಾಗಿ ಮುಚ್ಚಿ ತೇಲಬಿಟ್ಟೆ. ಆರಿದ ಹಾಗೆ ಬದಲಿಸಿದೆ. ತಾಸಿಗೆ ಒಂದು ಡಿಗ್ರಿ ಏರಿದರೆ ಸಾಕು, ಅವಸರ ಬೇಡ. ಅಮ್ಮ ಹೊಲಿದ ಹಳೆಯ ಕೌದಿಯನ್ನು ಗಾಜಿನ ಮೂರು ಕಡೆ ಸುತ್ತಿ, ತಳಕ್ಕೆ ಥರ್ಮೋಕೋಲ್ ಇದ್ದುದರಿಂದ ಆ ಚಿಂತೆ ಬಿಟ್ಟು, ಏರ್ ಪಂಪ್ ಮಾತ್ರ ನಿಲ್ಲದಂತೆ ನೋಡಿಕೊಂಡೆ. ಹಳೇ ಸೀರೆ ತುಂಡುಗಳನ್ನು ಪದರ ಪದರವಾಗಿ ಹೊಲಿದ ಕೌದಿ ಬಿಸಿ ಹಿಡಿದಿಡುವಷ್ಟು ಅಂಗಡಿಯ ದುಬಾರಿ ರಗ್ಗು ಹಿಡಿದಿಡಲಾರದು. ಪದರಗಳ ನಡುವಿನ ಗಾಳಿಯ ಕೆಲಸ ಅದು.

ಹೀಟರ್ ನಿಲ್ಲುವುದಕ್ಕಿಂತ ದೊಡ್ಡ ಗಂಡಾಂತರ ಇನ್ನೊಂದಿದೆ, ಅದು ನಿಲ್ಲದೇ ಹೋಗುವುದು. ಒಳಗೆ ಎರಡು ಲೋಹ ಬೆಸೆದ ಒಂದು ಪಟ್ಟಿಯಿರುತ್ತದೆ. ಕಾದಾಗ ಬಾಗಿ ಕರೆಂಟ್ ಕಡಿಯುತ್ತದೆ, ಆರಿದಾಗ ನೆಟ್ಟಗಾಗಿ ಮತ್ತೆ ಕೂಡಿಸುತ್ತದೆ. ಪ್ರತಿ ಸಲ ಕೂಡುವಾಗ ಒಂದು ಕಿಡಿ. ಸಾವಿರಾರು ಕಿಡಿಗಳ ನಂತರ ಎರಡು ತುದಿ ಅಂಟಿಕೊಂಡುಬಿಟ್ಟರೆ ಕರೆಂಟ್ ಕಡಿಯುವವರೇ ಇಲ್ಲ. ಐವತ್ತು ಲೀಟರ್ ತೊಟ್ಟಿಗೆ ಮುನ್ನೂರು ವ್ಯಾಟಿನ ಹೀಟರ್ ಹಾಕಿದ್ದರೆ ಹನ್ನೆರಡು ನಿಮಿಷಕ್ಕೊಂದು ಡಿಗ್ರಿಯಂತೆ ಏರಿ, ಎರಡು ತಾಸಿನೊಳಗೆ ಮೀನುಗಳು ಬದುಕಲಾರದ ನೀರಾಗುತ್ತದೆ. ಕಾದ ನೀರಿನಲ್ಲಿ ಪ್ರಾಣವಾಯುವೂ ಕಡಿಮೆ. ಆದ್ದರಿಂದ ಲೀಟರಿಗೆ ಒಂದು ವ್ಯಾಟ್ ಎಂಬ ಲೆಕ್ಕ ಮೀರಬಾರದು. ಅದನ್ನೂ ಎರಡು ಸಣ್ಣ ಹೀಟರ್‌ಗಳಿಗೆ ಹಂಚಬೇಕು: ಒಂದು ನಿಂತರೆ ಇನ್ನೊಂದು ಕೈಹಿಡಿಯುತ್ತದೆ, ಒಂದು ಅಂಟಿಕೊಂಡರೂ ಒಂಟಿಯಾಗಿ ನೀರನ್ನು ಅಷ್ಟು ಬೇಗ ಕಾಯಿಸಲಾರದು. ನಮ್ಮ ಊರುಗಳ ವೋಲ್ಟೇಜನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. 230 ಇರಬೇಕಾದದ್ದು 180ಕ್ಕೆ ಇಳಿದರೆ ನೂರು ವ್ಯಾಟಿನ ಹೀಟರ್ ಅರವತ್ತೊಂದು ವ್ಯಾಟಿನಷ್ಟೇ ಕೊಡುತ್ತದೆ. ಕೆಂಪು ದೀಪ ಮಾತ್ರ ಉರಿಯುತ್ತಲೇ ಇರುತ್ತದೆ.

ಆ ಕೆಂಪು ದೀಪದ ಮೇಲೆ ನನಗೆ ತೀರದ ಸಿಟ್ಟಿದೆ. ಕರೆಂಟ್ ಬಂತು ಎನ್ನುವುದಷ್ಟೇ ಅದಕ್ಕೆ ಗೊತ್ತು, ನೀರು ಬೆಚ್ಚಗಾಯಿತೇ ಎನ್ನುವುದು ಗೊತ್ತಿಲ್ಲ. ಅದನ್ನು ಹೇಳಬೇಕಾದದ್ದು ಥರ್ಮಾಮೀಟರ್. ಹೀಟರ್ ಕೊಳ್ಳುವವರು ಅದರ ಬೆಲೆಗಿಂತ ಎಷ್ಟೋ ಅಗ್ಗದ ಥರ್ಮಾಮೀಟರ್ ಬೇಡವೆಂದು ಬಿಟ್ಟು ಬರುತ್ತಾರೆ. ಅಳೆಯದೇ ಸಾಕುವುದು ಹೇಗೆ? ಅದೂ ನಮ್ಮ ಸೀಮೆಯವರು! ಅಳತೆಯೇನು ನಮಗೆ ಹೊಸದಲ್ಲ. ಗಂಗಾವತಿಯ ಯಾವ ಚಹಾ ಅಂಗಡಿಯಲ್ಲಾದರೂ ಕೂತು ಕೇಳಿ, ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1,633 ಅಡಿ ಎನ್ನುವುದು ಪಕ್ಕದ ಬೆಂಚಿನವರಿಗೆ ಬಾಯಿಪಾಠ. ಮಳೆಗಾಲದಲ್ಲಿ ಪೇಪರ್ ಕೈಗೆ ಬಂದರೆ ಮೊದಲು ನೋಡುವುದು ಒಳಹರಿವು, ಹೊರಹರಿವು, ಇಂದಿನ ಮಟ್ಟ, ಹೋದ ವರ್ಷ ಇದೇ ದಿನದ ಮಟ್ಟ. ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಭತ್ತ, ಭತ್ತ ಬಂದರೆ ಗಿರಣಿ, ಗಿರಣಿ ತಿರುಗಿದರೆ ಊರು. ಒಂದಡಿ ನೀರು ಏರಿದರೆ ಎಷ್ಟು ಎಕರೆಗೆ ಆಯಿತೆಂದು ಲೆಕ್ಕ ಹಾಕುವ ಜನ ನಾವು. ಮಳೆಯನ್ನೇ ನಂಬಿದ ಯಲಬುರ್ಗಾ, ಕುಷ್ಟಗಿ ಕಡೆಯ ರೈತರಂತೂ ನೆಲ ಎಷ್ಟು ಆಳ ನೆನೆದಿದೆ ಎಂದು ಕೈಯಿಂದಲೇ ಕೆದರಿ ನೋಡಿ ಬಿತ್ತುತ್ತಾರೆ. ಇಷ್ಟೆಲ್ಲ ಅಳೆಯುವ ಮನೆಯ ಒಳಗೆ, ಪಡಸಾಲೆಯ ಗಾಜಿನ ತೊಟ್ಟಿಗೆ ಒಂದು ಅಳತೆಗೋಲು ಬೇಡವೇ?

ಮಟ್ಟ ನೋಡಿದರಷ್ಟೇ ಸಾಲದು ಎನ್ನುವುದನ್ನು 2024ರ ಆಗಸ್ಟ್ 10ರ ರಾತ್ರಿ ಇಡೀ ಸೀಮೆ ಕಂಡಿತು. ಜಲಾಶಯ ತುಂಬಿತ್ತು, ಸುಮಾರು 105 ಟಿಎಂಸಿ. ಎಲ್ಲರ ಕಣ್ಣೂ ಮಟ್ಟದ ಮೇಲೆ. ಆ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. 33 ಗೇಟುಗಳಲ್ಲಿ ಒಂದು. ಅದರಲ್ಲೂ ತುಂಡಾದದ್ದು ಚೈನಿನ ಒಂದು ಕೊಂಡಿ. ಆ ಗೇಟಿನ ಜಾಗದ ಮೇಲಿನ ಭಾರ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿ ನೀರು ನದಿಗೆ ಬಿಡಬೇಕಾಯಿತು. ಎರಡನೇ ಬೆಳೆಯ ನೀರು ಕಣ್ಣೆದುರಿಗೇ ಹರಿದುಹೋಗುವುದನ್ನು ನೋಡುತ್ತ ಮುನಿರಾಬಾದಿನ ಕಡೆ ನಿಂತ ರೈತರ ಮುಖ ನನಗೆ ಮರೆಯುವುದಿಲ್ಲ. ಗೇಟುಗಳ ಕೆಲಸದಲ್ಲಿ ಪಳಗಿದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ ಸ್ಟಾಪ್ ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದಲ್ಲಿ ಆ ಕಂಡಿ ಮುಚ್ಚಿದರು. ಆ ಕೆಲಸ ಮಾಡಿದ ಪ್ರತಿ ಕೈಗೂ ನಮಸ್ಕಾರ. ಆದರೆ 1953ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟೆಯ ಚೈನಿನ ಕೊಂಡಿಯ ಆರೋಗ್ಯವನ್ನೂ ಮಟ್ಟದ ಪಕ್ಕದಲ್ಲೇ ದಿನಾ ಅಚ್ಚು ಹಾಕಿದ್ದರೆ! ಹೀಟರಿನ ಒಳಗಿನ ಸುಟ್ಟ ತುದಿ ನೋಡಿದಾಗ ನನಗೆ ನೆನಪಾದದ್ದು ಆ ಕೊಂಡಿಯೇ. ಬೇಸಿಗೆಯಲ್ಲಿ, ಬೇಡವಾಗಿದ್ದಾಗ, ಹೊರಗೆ ತೆಗೆದು ನೋಡಬೇಕಾದ ವಸ್ತುಗಳಿವು. ಬೇಕಾದ ರಾತ್ರಿಯೇ ಅವು ಕೈಕೊಡುತ್ತವೆ, ಯಾಕೆಂದರೆ ಆ ರಾತ್ರಿಯೇ ಅವುಗಳ ಮೇಲೆ ಪೂರ್ತಿ ಭಾರ ಬೀಳುವುದು.

ನೀರನ್ನು ಕಟ್ಟಿದವರು ಅದರ ಕಾವಲನ್ನೂ ಕಾಯಬೇಕು. ನದಿಯ ಮೀನಿಗೆ ಮೇಲಿನ ನೀರು ತಣ್ಣಗಾದರೆ ಆಳದ ಮಡು ಇದೆ, ಬಂಡೆಯ ಸಂದು ಇದೆ. ಎರಡಡಿ ಗಾಜಿನೊಳಗಿನ ಮೀನು ಎಲ್ಲಿಗೆ ಹೋಗಬೇಕು? ‘ಸತ್ರ ಇನ್ನೆರಡ ತಂದ್ರಾತು’ ಎನ್ನುವ ಮಾತು ನನಗೆ ಕೂಡದೇ ಹೋದದ್ದು ಇದಕ್ಕೇ.

ಮೀನನ್ನೂ ಲೆಕ್ಕಕ್ಕೆ ಹಿಡಿದ ಅರಸನೊಬ್ಬನಿದ್ದ. ಗವಿಮಠದ ಬೆಟ್ಟದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಆ ಅಶೋಕನ ಶಾಸನಗಳಿವೆ. ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಾಧ್ಯ ಎಂಬ ಅರ್ಥ ಅವುಗಳಲ್ಲಿದೆ. ಮೀನಿನ ಮಾತು ನಮ್ಮ ಬಂಡೆಗಳ ಮೇಲಿಲ್ಲ. ಅದಿರುವುದು ಅವನ ಸ್ತಂಭಗಳ ಮೇಲೆ. ಫಿರೋಜ್ ಷಾ ತುಘಲಕ್ ಟೋಪ್ರಾದಿಂದ ದೆಹಲಿಗೆ ಸಾಗಿಸಿದ ಕಂಬದ ಐದನೆಯ ಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಿದೆ: ಗಿಳಿ, ಗೊರವಂಕ, ಬಾವಲಿ, ಆಮೆ, ಎಲುಬಿಲ್ಲದ ಮೀನು. ಚಾತುರ್ಮಾಸ್ಯದ ಹುಣ್ಣಿಮೆಗಳಂಥ ದಿನಗಳಲ್ಲಿ ಮೀನು ಕೊಲ್ಲುವುದಿರಲಿ, ಮಾರುವುದನ್ನೂ ಅವನು ತಡೆದಿದ್ದ. ಅಷ್ಟು ದೊಡ್ಡ ರಾಜ್ಯ ಆಳುವವನು ಮೀನೆಲ್ಲ ಒಂದೇ ಎನ್ನಲಿಲ್ಲ, ಒಂದೊಂದು ಜಾತಿಯನ್ನೂ ಹೆಸರಿಟ್ಟು ಕರೆದು ಕಲ್ಲಿನ ಮೇಲೆ ಕೊರೆಸಿದ. ಹೆಸರು ಗೊತ್ತಿದ್ದವರ ಬಾಯಲ್ಲಿ ‘ಮೀನ ಅಲ್ಲೇನ್ರಿ’ ಎನ್ನುವುದು ಸುಲಭಕ್ಕೆ ಬರುವುದಿಲ್ಲ.

ಹಾಗೆಂದು ಮೀನು ತಿನ್ನುವವರ ಮೇಲೆ ನನ್ನ ತಕರಾರು ಇಲ್ಲ. ಜಲಾಶಯದ ಹಿನ್ನೀರಿನಲ್ಲಿ ಬಲೆ ಬೀಸಿ ಬದುಕುವವರಿದ್ದಾರೆ, ಹೊಟ್ಟೆಯ ದಾರಿ ಅದು. ಆರೋಗ್ಯ ಇಲಾಖೆಯವರು ಸೊಳ್ಳೆಮರಿ ತಿನ್ನಲೆಂದು ತೊಟ್ಟಿ, ಬಾವಿಗಳಿಗೆ ಬಿಡುವ ಗಪ್ಪಿಯ ಮೇಲೆ ನನಗೆ ವಿಶೇಷ ಮಮತೆ. ಟ್ರಿನಿಡಾಡಿನಿಂದ ಅದನ್ನು ಲಂಡನ್ನಿಗೆ ಕಳಿಸಿದ ಗಪ್ಪಿ ಎಂಬವರ ಹೆಸರೇ ಅದಕ್ಕೆ ಉಳಿದಿದೆ, 1866ರಿಂದ. ಹೀಟರ್ ಇಲ್ಲದೆ ನಮ್ಮ ತೊಟ್ಟಿಗಳಲ್ಲಿ ಈ ಚಳಿಯನ್ನೆಲ್ಲ ದಾಟುವ ಗಟ್ಟಿ ಜೀವ ಅದು. ಇಂದು ಬೆಳಿಗ್ಗೆಯೂ ನನ್ನ ತೊಟ್ಟಿಯಲ್ಲಿ ಮೊದಲು ಅಲುಗಾಡಿದ್ದು ಗಪ್ಪಿಗಳೇ.

ನದಿಯಲ್ಲಂತೂ ಮೀನಿಗೆ ನಮ್ಮ ಬಲೆಗಿಂತ ಹಳೆಯ ಗಿರಾಕಿ ನೀರುನಾಯಿ. ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರ್ ತುಂಗಭದ್ರೆಯನ್ನು ಸರ್ಕಾರ 2015ರಲ್ಲಿ ನೀರುನಾಯಿಗಳಿಗೆಂದೇ ಮೀಸಲಿಟ್ಟಿದೆ. ಅಷ್ಟು ಹತ್ತಿರವಿದ್ದರೂ ಅವನ್ನು ಕಣ್ಣಾರೆ ಕಂಡವರು ಕೊಪ್ಪಳದಲ್ಲಿ ಎಷ್ಟು ಮಂದಿ ಇದ್ದಾರು? ಗುಂಪುಗೂಡಿ ಸುತ್ತುವರಿದು ಮೀನು ಹಿಡಿಯುತ್ತವಂತೆ. ಸಿಡಿಮದ್ದು ಹಾಕಿ ಮೀನು ಹಿಡಿಯುವವರಿಂದ ಅವುಗಳಿಗೂ ಮೀನಿಗೂ ಒಟ್ಟಿಗೇ ಕೇಡು. ಆ ಕೆಲಸವನ್ನು ಮಾತ್ರ ಹೊಟ್ಟೆಯ ದಾರಿ ಎಂದು ನಾನು ಒಪ್ಪಲಾರೆ. ಹೀಟರ್ ತರಲು ಹೇಗೂ ಗಂಗಾವತಿಗೆ ಹೋಗಬೇಕು. ಹಾಗೆಯೇ ನೀರುನಾಯಿಗಳನ್ನೂ ನೋಡಿ ಬರೋಣವೆಂದು ಆನೆಗೊಂದಿ ಕಡೆ ಗದ್ದೆ ಮಾಡಿರುವ ಗೆಳೆಯರಿಗೆ ಫೋನ್ ಮಾಡಿದೆ. ‘ಮುಂಜಾನಿ ಬಂಡಿ ಮ್ಯಾಲೆ ಬಿಸಲ ಕಾಸಾಕ ಬರ್ತಾವ, ಹೊತ್ತ ಏರೂದರಾಗ ಬಂದಬಿಡ್ರಿ’ ಎಂದಿದ್ದಾರೆ.