ಒಂದೇ ತೇರು, ಹಲವು ವಯಸ್ಸು

ಕೂಡ್ಲಿಗಿ, ಹಡಗಲಿಗಳ ಕಡೆಯ ಹಳಬರನ್ನು ‘ವಯಸ್ಸೆಷ್ಟು?’ ಎಂದು ಕೇಳಿದರೆ ಅಂಕಿಯಲ್ಲಿ ಉತ್ತರ ಬರುವುದು ಅಪರೂಪ. ‘ತುಂಗಭದ್ರಾ ಡ್ಯಾಮು ಕಟ್ಟುವಾಗ ದನ ಕಾಯುತ್ತಿದ್ದೆ’ ಎಂದು ಹೇಳಿ ಸುಮ್ಮನಾಗುತ್ತಾರೆ. ಲೆಕ್ಕ ಹಾಕಿಕೊಳ್ಳುವ ಕೆಲಸ ಕೇಳಿದವರದು.

ಹರಪನಹಳ್ಳಿಯ ಎಂಬತ್ತು ದಾಟಿದ ಅಜ್ಜನಂತೂ ಊರು ಬಿಟ್ಟು ಕದಲದೆಯೇ ಎಷ್ಟೋ ಸೀಮೆಗಳನ್ನು ಕಂಡವನು. ಹುಟ್ಟಿದ್ದು ಮದರಾಸು ಪ್ರಾಂತದಲ್ಲಿ, 1953ರಲ್ಲಿ ಮೈಸೂರಿನವನಾದ, 1973ರಲ್ಲಿ ಕರ್ನಾಟಕದವನೆನಿಸಿದ. 1997ರಲ್ಲಿ ಅವನ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆಗೆ ಸೇರಿತು, ಮತ್ತೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ವಿಳಾಸ ಇಷ್ಟು ಸಲ ಬದಲಾದರೂ ಮನೆಯ ಹೊಸ್ತಿಲು ಅದೇ. ಮನುಷ್ಯನೂ ಹಾಗೆಯೇ ಅಲ್ಲವೆ? ಕೂಸು, ಹುಡುಗ, ಯಜಮಾನ, ಮುದುಕ ಎಂದು ಹೆಸರು ಬದಲಾಗುತ್ತ ಹೋಗುತ್ತದೆ; ಒಳಗಿನ ಜೀವ ಒಂದೇ.

ಅಮೆರಿಕದ ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ 1950ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಾಳನ್ನು ಎಂಟು ಘಟ್ಟಗಳಾಗಿ ವಿಂಗಡಿಸಿದನು. ಒಂದೊಂದು ಘಟ್ಟಕ್ಕೂ ಒಂದೊಂದು ಕೆಲಸ. ಹಸುಳೆ ನಂಬುವುದನ್ನು ಕಲಿಯಬೇಕು. ಹರೆಯದವನು ತಾನು ಯಾರೆಂದು ತಿಳಿಯಬೇಕು. ನಡುವಯಸ್ಸಿನವನು ಮುಂದಿನವರನ್ನು ಸಾಕಿ ಬೆಳೆಸಬೇಕು. ಮುಪ್ಪಿನವನು ಕಳೆದ ಬಾಳನ್ನು ಒಪ್ಪಿಕೊಂಡು ನೆಮ್ಮದಿಯಾಗಿರಬೇಕು.

ಕೊಟ್ಟೂರಿನ ಜಾತ್ರೆಗೆ ಹೋದವರಿಗೆ ಇದು ಹೊಸ ಮಾತೆನಿಸದು. ಮಾಘಮಾಸದಲ್ಲಿ ಕೊಟ್ಟೂರೇಶ್ವರನ ತೇರು ಹೊರಟಾಗ ಕೂಸು ಅಪ್ಪನ ಹೆಗಲ ಮೇಲಿಂದ ಕಳಸವನ್ನು ಕಾಣುತ್ತದೆ. ಹರೆಯದವನ ಕೈ ಹಗ್ಗದ ಮೇಲಿರುತ್ತದೆ. ಹೆಗಲು ಕೊಟ್ಟವನಿಗೆ ತೇರಿಗಿಂತ ಹೆಚ್ಚಾಗಿ ಮಗನ ಕಾಲುಗಳ ಮೇಲೆಯೇ ಗಮನ. ಮುದುಕಿ ದೂರದ ಕಟ್ಟೆಯ ಮೇಲೆ ನಿಂತು ಬಾಳೆಹಣ್ಣೆಸೆದು ಕೈಮುಗಿಯುತ್ತಾಳೆ. 2017ರಲ್ಲಿ ಆ ತೇರೇ ಉರುಳಿಬಿದ್ದಿತು. ಊರು ಎದೆಗುಂದಲಿಲ್ಲ, ಹೊಸ ತೇರು ಎದ್ದಿತು.

ಆದರೆ ಈ ಸೀಮೆಯಲ್ಲಿ ವಯಸ್ಸುಗಳ ಸಾಲು ನಡುವೆಯೇ ತುಂಡಾಗುವುದುಂಟು. ಮಳೆ ಕೈಕೊಟ್ಟ ವರ್ಷ ಶೇಂಗಾ, ಜೋಳದ ಹೊಲಗಳು ಬರಿದಾಗುತ್ತವೆ. ತಾಂಡಾಗಳಿಂದ, ಹಳ್ಳಿಗಳಿಂದ ಜನ ಗುಳೆ ಹೊರಡುತ್ತಾರೆ. ಕೆಲವರು ಮಂಡ್ಯದ ಕಬ್ಬಿನ ಗದ್ದೆಗೆ, ಕೆಲವರು ಮಲೆನಾಡಿನ ಕಾಫಿ ತೋಟಕ್ಕೆ, ಇನ್ನು ಕೆಲವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ. ಹೊರಡುವವರು ನಡುವಯಸ್ಸಿನವರು, ಉಳಿಯುವವರು ಮುದುಕರೂ ಮಕ್ಕಳೂ. ಎರಿಕ್ಸನ್ ಹೇಳಿದ ನೆಮ್ಮದಿಯ ವಯಸ್ಸಿನಲ್ಲಿ ಅಜ್ಜಿ ಎರಡನೆಯ ಸಲ ತಾಯಾಗುತ್ತಾಳೆ. ನಡುಗುವ ಕೈಯಲ್ಲೇ ರೊಟ್ಟಿ ತಟ್ಟುತ್ತಾಳೆ. ಓದು ಬಾರದಿದ್ದರೂ ಮೊಮ್ಮಗನ ಪಾಟಿಯ ಮುಂದೆ ದೀಪ ಹಿಡಿಯುತ್ತಾಳೆ. ಹತ್ತು ವರ್ಷದ ಅಕ್ಕ ತಮ್ಮನನ್ನು ಕಂಕುಳಲ್ಲೆತ್ತಿಕೊಂಡು ನೀರಿನ ಸರದಿಯಲ್ಲಿ ನಿಲ್ಲುತ್ತಾಳೆ. ಮುಪ್ಪಿಗೆ ಬಿಡುವಿಲ್ಲ, ಬಾಲ್ಯಕ್ಕೆ ಸಮಯವಿಲ್ಲ. ಮಕ್ಕಳನ್ನೂ ಕರೆದೊಯ್ದರೆ ಶಾಲೆ ತಪ್ಪುತ್ತದೆ. ಬಿಟ್ಟುಹೋದರೆ ಮಡಿಲು ತಪ್ಪುತ್ತದೆ. ಯಾವುದನ್ನು ಆರಿಸಿಕೊಂಡರೂ ತಂದೆತಾಯಿಗಳಿಗೆ ಕರುಳಿನ ಸಂಕಟ ತಪ್ಪದು.

ಹಡಗಲಿಯ ಮಲ್ಲಿಗೆಯನ್ನು ಮೊಗ್ಗಿರುವಾಗಲೇ ಬಿಡಿಸಬೇಕು. ಅರಳಿದರೆ ಪೇಟೆಯಲ್ಲಿ ಬೆಲೆಯಿಲ್ಲ. ಮಕ್ಕಳ ವಿಷಯದಲ್ಲಿ ಆ ಲೆಕ್ಕ ಸಲ್ಲದು. ಅವಕ್ಕೆ ಅರಳುವಷ್ಟು ಹೊತ್ತು ಗಿಡದ ಮೇಲಿರುವ ಭಾಗ್ಯ ಬೇಕು. ಅದಕ್ಕೆ ಊರಿನಲ್ಲೇ ಕೂಲಿ, ಕೆರೆಯಲ್ಲಿ ನೀರು, ಹತ್ತಿರದಲ್ಲೊಂದು ಒಳ್ಳೆಯ ಶಾಲೆ ಇರಬೇಕು. ಮನಸ್ಸಿನ ಬೆಳವಣಿಗೆಯ ಮಾತು ಇಂಥ ಕಡೆ ಮಳೆ-ಬೆಳೆಯ ಮಾತೂ ಆಗುತ್ತದೆ.

ಉಗಾದಿಯ ಹೊತ್ತಿಗೆ ಗುಳೆ ಹೋದವರು ಮರಳುತ್ತಾರೆ. ಬಿಸಿಲಿಗೆ ಕಪ್ಪಾಗಿ ಬಂದ ಅಪ್ಪನನ್ನು ಕಂಡು ಚಿಕ್ಕ ಮಗು ಅಜ್ಜಿಯ ಸೆರಗಿನ ಹಿಂದೆ ಅಡಗುತ್ತದೆ. ‘ನಿಮ್ಮಪ್ಪ ಕಣೋ, ಹೋಗು’ ಎಂದು ಅವಳು ಮೆಲ್ಲಗೆ ಮುಂದೆ ನೂಕುತ್ತಾಳೆ. ಅಪ್ಪ ಕೈ ಚಾಚುವುದಿಲ್ಲ. ಹೊಸ್ತಿಲ ಬಳಿ ಕುಕ್ಕರಗಾಲಿನಲ್ಲಿ ಕುಳಿತು ಕಾಯುತ್ತಾನೆ. ಮಗು ತಾನಾಗಿ ಬರುವವರೆಗೆ ಕಾಯುವುದನ್ನು ಆ ವಯಸ್ಸಿನಲ್ಲಿ ಅವನೂ ಕಲಿಯಬೇಕಾಗಿದೆ.