ಮಷಿನ್ನಿಗೆ ದಮ್ ಹೆಚ್ಚಿಸೋದು

ನಮ್ಮ ಕಡೆ ಯಾವ ಮಷಿನ್ನೂ ಕಂಪನಿಯಿಂದ ಬಂದಂಗ ಇರೂದಿಲ್ಲ ನೋಡ್ರಿ. ಕಬ್ಬಿನ ಸೀಜನ್ನಿನಲ್ಲಿ ಜಮಖಂಡಿ-ಮುಧೋಳ ರಸ್ತೆಯಲ್ಲಿ ಒಂದು ತಾಸು ನಿಂತರೆ ಸಾಕು. ಟ್ರ್ಯಾಕ್ಟರಿಗೆ ಊರಿಗೆಲ್ಲ ಕೇಳೋ ಸೌಂಡ್ ಬಾಕ್ಸು, ಬೈಕಿಗೆ ಗುಂಡು ಹಾರಿಸೋ ಸೈಲೆನ್ಸರು. ಈಗ ಮರ ಕೊಯ್ಯೋ ಚೈನ್ ಸಾ ಸರದಿ.

ಮುಧೋಳದ ಹತ್ತಿರ ನಮ್ಮ ಕಾಕಾ ಹೊಲದ ಬದುವಿನ ಜಾಲಿ ಮರ ಕಡಿಸ್ತಿದ್ದ. ಬಂದ ಮಷಿನ್ನಿನ ಸೈಲೆನ್ಸರಿಗೆ ಡ್ರಿಲ್ ಹೊಡೆದು ತೂತು ಮಾಡಿದ್ರು, ಒಳಗಿನ ಜಾಲರಿ ಕಿತ್ತು ಬಿಸಾಕಿದ್ರು. "ದಮ್ ಹೆಚ್ಚಾಗತೈತ್ರಿ, ನಾಕ್ ತಾಸಿನ ಕೆಲ್ಸ ಮೂರು ತಾಸಿಗೆ" ಅಂದ ಮಾಲಕ. ಪೂರ್ತಿ ಸುಳ್ಳೇನಲ್ಲ. ಹೊಗೆ ಸಲೀಸಾಗಿ ಹೊರಗೆ ಹೋದ್ರೆ ಎಂಜಿನ್ ಹೆಚ್ಚು ಗಾಳಿ ಎಳೀತದೆ. ಆದ್ರೆ ಕಾರ್ಬೊರೇಟರ್ ತಿರುಪು ಯಾರೂ ಮುಟ್ಟಿರಲಿಲ್ಲ. ಟೂ-ಸ್ಟ್ರೋಕ್ ಎಂಜಿನ್ನಿಗೆ ಬೇರೆ ಆಯಿಲ್ ಇಲ್ಲ, ಪೆಟ್ರೋಲಿಗೆ ಬೆರೆಸಿದ್ದೇ ಅದರ ಆಯಿಲ್ (ಬಹಳಷ್ಟು ಮಷಿನ್ನಿಗೆ 50:1, ಅಂದ್ರೆ ಲೀಟರಿಗೆ 20 ಮಿಲಿ). ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದೇ ಹೋದ್ರೆ ಆಯಿಲ್ಲೂ ಸಾಲೋದಿಲ್ಲ. ಬಿಸಿ ಏರಿ ಪಿಸ್ಟನ್ ಕಚ್ಚಿಕೊಳ್ಳುತ್ತೆ. ಕಂಪ್ಯೂಟರ್ ಓವರ್‌ಕ್ಲಾಕ್ ಮಾಡಿ ಬಿಸಿಯಾದ್ರೆ ಅದು ತಾನೇ ಆಫ್ ಆಗುತ್ತೆ, ಇದಕ್ಕೆ ಅಷ್ಟು ಬುದ್ಧಿ ಇಲ್ಲ :-)

ಪಿಸ್ಟನ್ ಹೋದ್ರೆ ಹೊಸದು ಸಿಗುತ್ತೆ ಬಿಡಿ. ನಂಗೆ ಹೊಟ್ಟೆ ಚುರುಕ್ ಅಂದದ್ದು ಮಷಿನ್ ಹಿಡಿದ ಹುಡುಗನ್ನ ನೋಡಿ. ಬೀಳಗಿ ಕಡೆಯವ, ದಿನಗೂಲಿ, ಕಾಲಲ್ಲಿ ಹವಾಯಿ ಚಪ್ಪಲಿ. ಚೈನ್ ಸಾ ಸದ್ದು ಮೊದಲೇ 100 ಡೆಸಿಬಲ್ ದಾಟಿರುತ್ತೆ, ತೂತು ಮಾಡಿದ ಮೇಲಂತೂ ಕೇಳಬೇಡಿ. ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸಿದ ನಮ್ಮ ಮಾಮಾನ ಹತ್ರ ಈಗ ಒದರಿಯೇ ಮಾತಾಡಬೇಕು. ಈ ಹುಡುಗನಿಗಿನ್ನೂ ಇಪ್ಪತ್ತೂ ಆಗಿಲ್ಲ.

ಸಾಲದ್ದಕ್ಕೆ ಚೈನಿನ ಪ್ರತಿ ಹಲ್ಲಿನ ಮುಂದಿರೋ ಸಣ್ಣ ಉಬ್ಬನ್ನೂ ಕಾನಸಿನಿಂದ ತೇಯ್ದಿದ್ರು. ಹಲ್ಲು ಎಷ್ಟು ಆಳ ಕಚ್ಚಬೇಕು ಅನ್ನೋ ಲೆಕ್ಕ ಆ ಉಬ್ಬಿನದ್ದು. ಅದು ತಗ್ಗಿದ್ರೆ ಹಲ್ಲು ಗಬಕ್ಕನೆ ಕಚ್ಚುತ್ತೆ, ಪಟ್ಟಿಯ ತುದಿ ಕೊಂಬೆಗೆ ತಾಗಿದ್ರೆ ಮಷಿನ್ ಹಿಡಿದವನ ಮುಖಕ್ಕೇ ಚಿಮ್ಮಬಹುದು.

ಇದನ್ನೆಲ್ಲ ಕಾಕಾ ತಲೆ ಅಲ್ಲಾಡಿಸ್ತಾ ಕೇಳಿದ, ಅಷ್ಟೇ. ಆಮೇಲೆ ಕಿತ್ತು ಬಿಸಾಕಿದ ಜಾಲರಿ ಇರೋದು ಕಿಡಿ ಹಾರದಂಗೆ ತಡೆಯೋಕೆ ಅಂದೆ. ಬದುವಿನ ಪಕ್ಕದಲ್ಲೇ ಒಣಗಿದ ರವದಿ, ಅದರಾಚೆ ಕಟಾವಿಗೆ ಪಾಳಿ ಬಾರದ ಮೂರು ಎಕರೆ ಕಬ್ಬು.

"ಏ, ಬಂದ್ ಮಾಡ್ರೋ ಮಷಿನ್ನಾ!"

ಹುಡುಗನ ಕಿವಿಗಲ್ಲ, ಕಬ್ಬಿಗೆ ಹೆದರಿ. ಇರ್ಲಿ.

ತಮಾಷೆ ಅಂದ್ರೆ, ಅಷ್ಟೊತ್ತಿನ ತನಕ ಮರದಿಂದ ಬೀಳ್ತಿದ್ದದ್ದು ಹಿಟ್ಟಿನಂಥ ಪುಡಿ. ಚೈನ್ ಮೊಂಡಾಗಿತ್ತು! ಮರುದಿನ ಬೇರೆ ಮಷಿನ್ ಬಂತು, ಸಾದಾ ಸೈಲೆನ್ಸರಿನದು, ಆದ್ರೆ ಹಲ್ಲು ಹರಿತ. ದೊಡ್ಡ ದೊಡ್ಡ ಚಕ್ಕೆ ಬೀಳ್ತಿತ್ತು. ಅದೇ ಹುಡುಗ, ಅದೇ ಚಪ್ಪಲಿ. ಕಿವಿಗೆ ಹತ್ತಿನಾದ್ರೂ ಇಟ್ಕೋಳೋ ತಮ್ಮಾ ಅಂದೆ. ನಕ್ಕ. ಕೇಳಿಸ್ತೋ ಇಲ್ವೋ.